ಜಾರಾದಲ್ಲಿ ಇಳಿದವರು

ಐವತ್ತು ಜನ ಊಟಕ್ಕೆ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಮ್ಮ ಕ್ಯಾಪ್ಟನ್ ಅಂಕಲ್ ಹದಿನೆಂಟು ಎಲೆ ತರಿಸುತ್ತಿದ್ದರು. ಬರುವುದು ಮೂರರಲ್ಲೊಂದು ಪಾಲು, ಅದು ಅವರ ಲೆಕ್ಕ. ಹಾಗಾದರೆ ಹದಿನೇಳು ಸಾಕಲ್ಲ ಎಂದು ನಾನೊಮ್ಮೆ ಕೇಳಿದ್ದೆ. "ಹದಿನೆಂಟನೆಯದು ನಂದು ಮಾರಾಯ್ರೆ, ನಾನೂ ಉಣ್ಬೇಕಲ್ಲ," ಎಂದರು. ಅವರನ್ನು ಹತ್ತಿರದಿಂದ ಕಂಡ ವರ್ಷಗಳಲ್ಲಿ ಈ ಲೆಕ್ಕ ತಪ್ಪಿದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಆ ಸಲ ಅವರು ಲೆಕ್ಕವನ್ನೇ ಹಾಕಿರಲಿಲ್ಲ.

ಹೋದ ತಿಂಗಳು ಮಂಗಳೂರಿನಿಂದ ಅವರ ಮಗಳು ಫೋನ್ ಮಾಡಿ, ಅಪ್ಪ ಬೆಳಿಗ್ಗೆ ಪೇಪರ್ ಓದುತ್ತಾ ಕುರ್ಚಿಯಲ್ಲೇ ಹೋಗಿಬಿಟ್ಟರು ಎಂದು ಹೇಳಿದರು. ನಾನು ಎರಡು ದಿನ ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಹೆತ್ತವರಲ್ಲ, ನಂಟರಲ್ಲ, ಒಂದೇ ಆಫೀಸಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವರು ಅಷ್ಟೇ. ಆದರೂ ಅಳು ಬಂತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಕಾಗದಪತ್ರಗಳಿಗೂ ಅರ್ಧ ಸಹಿ ಹಾಕಿ ಮುಗಿಸುತ್ತಿದ್ದ ಮನುಷ್ಯ, ಪೂರ್ತಿ ಹೆಸರು ಅಚ್ಚಾದರೆ ಮುಜುಗರಪಟ್ಟುಕೊಳ್ಳುತ್ತಿದ್ದರು.

ತೊಂಬತ್ತಮೂರರಲ್ಲಿ ನಾನು ಸಿಂಗಪುರದ ಆ ಆಫೀಸಿಗೆ ಸೇರಿದೆ. ಹಡಗು ಇರುವವರಿಗೆ ಸರಕು, ಸರಕು ಇರುವವರಿಗೆ ಹಡಗು ಗೊತ್ತುಮಾಡಿಕೊಡುವ ಸಣ್ಣ ಕಂಪನಿ. ಒಂಬತ್ತನೇ ಮಹಡಿ. ಕಿಟಕಿಯಿಂದ ನೋಡಿದರೆ ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳ ಸಾಲು. ನನ್ನ ಗಂಡನಿಗೆ ಸೆಲೆಟಾರಿನಲ್ಲಿ ವಿಮಾನ ರಿಪೇರಿಯ ಕೆಲಸ, ಮಗಳಿಗೆ ಐದು ವರ್ಷ. ಮೈಸೂರಿನಲ್ಲಿ ಕಲಿತ ಟೈಪಿಂಗ್ ಬಿಟ್ಟರೆ ನನಗೆ ಏನೂ ಬರುತ್ತಿರಲಿಲ್ಲ. ಮೊದಲ ದಿನ ಬಾಡಿಗೆ ಕರಾರಿನ ಹಾಳೆಗಳನ್ನು ಮುಂದಿಟ್ಟುಕೊಂಡು ಬೆವರುತ್ತಿದ್ದಾಗ ಎದುರು ಮೇಜಿನಿಂದ ಕನ್ನಡ ಕೇಳಿಸಿತು. "ಹೆದರ್ಬೇಡಿ. ಹಡಗು ಯಾರದು, ಎಲ್ಲಿಗೆ, ಎಷ್ಟು ದಿನ. ಮೂರೇ ಉಂಟು. ಉಳಿದದ್ದು ಎಲ್ಲ ವಕೀಲರ ಹೊಟ್ಟೆಪಾಡು." ಅರವತ್ತರ ಹತ್ತಿರದ, ಸಣಕಲು ಮೈಯ, ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿಯ ಮನುಷ್ಯ. ಅಂಗಿಯ ಜೇಬಿನಲ್ಲಿ ಪೆನ್ ಇಲ್ಲ, ಒಂದು ಮೋಟು ಪೆನ್ಸಿಲ್. ಪೆನ್ಸಿಲ್ ಯಾಕೆ ಎಂದರೆ, ತಪ್ಪುವುದು ಖಾತ್ರಿ ಇರುವವನಿಗೆ ಪೆನ್ ಯಾಕೆ ಎನ್ನುತ್ತಿದ್ದರು.

ನಮ್ಮ ಕನ್ನಡದ ಮನೆಗಳಲ್ಲೆಲ್ಲ ಅವರು ಕ್ಯಾಪ್ಟನ್ ಅಂಕಲ್. ಮಲ್ಪೆಯ ಕಡೆಯವರು, ಮೂವತ್ತು ವರ್ಷ ಹಡಗಿನ ವ್ಯವಹಾರ, ಹಾಗಾಗಿ ಕ್ಯಾಪ್ಟನ್ ಇರಬೇಕು ಎಂದು ಯಾರೋ ಶುರುಮಾಡಿದ್ದು ಅಂಟಿಕೊಂಡಿತ್ತು. ನಿಜವೇನೆಂದರೆ ಅವರು ಹಡಗಿನಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ನೀರಿನ ಮೇಲೆ ಕಾಲಿಟ್ಟರೆ ವಾಂತಿ. ಒಮ್ಮೆ ನಾಲ್ಕಾರು ಮನೆಯವರು ಸೇರಿ ಚಾಂಗಿಯಿಂದ ದೋಣಿಯಲ್ಲಿ ಉಬಿನ್ ದ್ವೀಪಕ್ಕೆ ಹೋಗಿದ್ದೆವು. ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷವೂ ಕ್ಯಾಪ್ಟನ್ ಅಂಕಲ್ ಕಣ್ಣು ಮುಚ್ಚಿ, ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು, ನನ್ನ ಮಗಳ ಕೈ ಹಿಡಿದು ಕೂತಿದ್ದರು. ಅವಳು ಅವರ ಬೆನ್ನು ತಟ್ಟುತ್ತಾ, "ನಿಯರ್ ಆಲ್ರೆಡಿ ಲಾ, ಅಂಕಲ್, ಅಳಬೇಡಿ," ಎಂದು ಸಮಾಧಾನ ಮಾಡುತ್ತಿದ್ದಳು.

ಅವರ ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ತೋವಾ ಪಾಯೋ ಬಡಾವಣೆಯ ಹಳೆಯ ಫ್ಲಾಟುಗಳ ಬ್ಲಾಕ್ ಒಂದರಲ್ಲಿ ಒಬ್ಬರೇ ಇದ್ದರು. ಮಧ್ಯಾಹ್ನ ಅವರ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ ಮತ್ತು ಮೀನು, ನನ್ನದರಲ್ಲಿ ಚಪಾತಿ. ನಾನು ಮೀನು ತಿನ್ನುವವಳಲ್ಲ ಎಂದು ಗೊತ್ತಾದ ದಿನದಿಂದ ಮೇಜಿನ ಆ ತುದಿಗೆ ಸರಿದು ಉಣ್ಣುತ್ತಿದ್ದರು. ಬೇಡ ಸರ್, ನನಗೇನೂ ತೊಂದರೆಯಿಲ್ಲ ಎಂದು ಎಷ್ಟು ಹೇಳಿದರೂ ಸರಿಯುವುದನ್ನು ಬಿಡಲಿಲ್ಲ. ಊಟವಾದ ಮೇಲೆ ಡಬ್ಬಿಗಳನ್ನು ತೊಳೆದು ತಂದು ಮತ್ತೆ ಮೇಜಿನ ಮೇಲೆ ಹರಡುತ್ತಿದ್ದರು. ಆಗ ಇತಿಹಾಸ ಶುರುವಾಗುತ್ತಿತ್ತು.

ಅವರಿಗೆ ಇತಿಹಾಸದಲ್ಲಿ ಒಂದೇ ಒಂದು ಯುದ್ಧದ ಹುಚ್ಚು. ಎಂಟುನೂರು ವರ್ಷದ ಹಿಂದೆ, ಜೆರುಸಲೇಮನ್ನು ಬಿಡಿಸಿಕೊಳ್ಳುತ್ತೇವೆಂದು ಹೊರಟು, ಜೆರುಸಲೇಮಿನ ಮುಖವನ್ನೂ ನೋಡದೆ, ತಮ್ಮದೇ ಧರ್ಮದವರ ಊರನ್ನು ಸುಲಿದು ಮುಗಿಸಿದ ನಾಲ್ಕನೆಯ ಕ್ರುಸೇಡ್. ಲೈಬ್ರರಿಯಲ್ಲಿ ಅದರ ಬಗ್ಗೆ ಇದ್ದುದನ್ನೆಲ್ಲ ಓದಿದ್ದರು. ಡಬ್ಬಿಯ ಮುಚ್ಚಳ ವೆನಿಸ್. ಚಮಚ ಜಾರಾ ಎಂಬ ಊರು. ಉಪ್ಪಿನಕಾಯಿಯ ಶೀಶೆ ಕಾನ್‌ಸ್ಟಾಂಟಿನೋಪಲ್. ಜೆರುಸಲೇಮ್ ಮೇಜಿನ ಆಚೆ, ಫ್ಯಾಕ್ಸ್ ಮೆಷಿನ್ನಿನ ಹತ್ತಿರ ಎಲ್ಲೋ. ಅದು ಯಾವತ್ತೂ ಮೇಜಿನ ಮೇಲೆ ಬರುತ್ತಿರಲಿಲ್ಲ.

"ಇದು ಧರ್ಮದ ಕಥೆ ಅಂತ ಶಾಲೆಯಲ್ಲಿ ಹೇಳ್ತಾರೆ. ಇದು ನಮ್ಮ ಆಫೀಸಿನ ಕಥೆ," ಎಂದು ಶುರುಮಾಡುತ್ತಿದ್ದರು. ಯುದ್ಧಕ್ಕೆ ಹೊರಟ ಸರದಾರರ ಕಡೆಯ ಆರು ಜನ ವೆನಿಸಿಗೆ ಬಂದರು. ಇಷ್ಟು ಸಾವಿರ ಜನ, ಇಷ್ಟು ಕುದುರೆ, ಎಲ್ಲರೂ ಬರುತ್ತಾರೆ, ಹಡಗು ಬೇಕು ಎಂದರು. ವೆನಿಸಿನವರು ವ್ಯಾಪಾರಸ್ಥರು. ಕರಾರು ಬರೆದುಕೊಂಡರು. ಒಂದು ವರ್ಷ ಬೇರೆ ವ್ಯಾಪಾರವನ್ನೆಲ್ಲ ಪಕ್ಕಕ್ಕಿಟ್ಟು ಹಡಗು ಕಟ್ಟಿದರು. ಹೇಳಿದ ದಿನಕ್ಕೆ ಹಡಗುಗಳು ಸಾಲಾಗಿ ನಿಂತವು. ಬಂದವರು ಮೂರರಲ್ಲೊಂದು ಪಾಲು.

"ಉಳಿದವರು?" ಎಂದು ನಾನು ಕೇಳಿದೆ.

"ಯಾರೂ ಬರುದಿಲ್ಲ ಅಂತ ಹೇಳಿರ್ಲಿಲ್ಲ. ಕೆಲವರಿಗೆ ಬೇರೆ ಬಂದರು ಹತ್ತಿರ ಆಯ್ತು, ಕೆಲವರಿಗೆ ಮನೆ ಬಿಡ್ಲಿಕ್ಕೆ ಆಗಲಿಲ್ಲ. ನಮ್ಮವರ ಹಾಗೇ. ಕರೆದವನ ಮುಖ ನೋಡಿ ಹೂಂ ಅಂದದ್ದು."

ಬಂದವರಿಂದ ಬಾಡಿಗೆ ಹುಟ್ಟಲಿಲ್ಲ. ವೆನಿಸಿನ ಮುಖ್ಯಸ್ಥ ಕಣ್ಣು ಕಾಣದ ಮುದುಕ, ಆದರೆ ಊರಿನಲ್ಲಿ ಅವನಷ್ಟು ದೂರ ನೋಡುವವರಿರಲಿಲ್ಲ. ಅವನು ಹೇಳಿದ: ದುಡ್ಡು ಆಮೇಲೆ ಕೊಡಿ, ದಾರಿಯಲ್ಲಿ ಜಾರಾ ಅಂತ ಒಂದು ಊರಿದೆ, ಮೊದಲು ನಮ್ಮದಿತ್ತು, ತಿರುಗಿಬಿದ್ದಿದೆ, ಅದನ್ನು ಹಿಡಿದುಕೊಡಿ. ಜಾರಾದವರೂ ಕ್ರೈಸ್ತರೇ. ಕೋಟೆಯ ಗೋಡೆಯ ಮೇಲೆ ಶಿಲುಬೆ ನೇತುಹಾಕಿ ತೋರಿಸಿದರು. ಆದರೂ ಊರು ಬಿತ್ತು. ಅಷ್ಟರಲ್ಲಿ ಇನ್ನೊಬ್ಬ ಬಂದ, ಕಾನ್‌ಸ್ಟಾಂಟಿನೋಪಲಿನ ರಾಜಕುಮಾರ. ನನ್ನನ್ನು ಗದ್ದುಗೆಗೆ ಏರಿಸಿ, ನಿಮ್ಮ ಬಾಕಿ ಎಲ್ಲ ತೀರಿಸಿ ಮೇಲೆ ಸೈನ್ಯವನ್ನೂ ಕೊಡುತ್ತೇನೆ ಎಂದ. ಏರಿಸಿದರು. ಹೇಳಿದ ದುಡ್ಡು ಅವನ ಕೈಯಲ್ಲಿ ಕೊಡಲಾಗಲಿಲ್ಲ. ಕೊನೆಗೆ ಆ ಊರಿಗೇ ನುಗ್ಗಿ ಸುಲಿದರು. ವೆನಿಸಿಗೆ ಬಂದರುಗಳು ಸಿಕ್ಕವು, ಒಳ್ಳೆಯ ವ್ಯಾಪಾರ ಸಿಕ್ಕಿತು, ಕಂಚಿನ ನಾಲ್ಕು ಕುದುರೆಗಳೂ ಸಿಕ್ಕವು.

ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಟೀ ತರುವ ಚೀನೀ ಆಂಟಿ ಬಂದು, "ಫಿನಿಶ್ ಆಲ್ರೆಡಿ ಆ?" ಎಂದು ಕೇಳಿ, ಒದ್ದೆ ಬಟ್ಟೆಯಿಂದ ಮೇಜು ಒರೆಸುತ್ತಾ ಚಮಚವನ್ನೂ ಶೀಶೆಯನ್ನೂ ಬುಟ್ಟಿಗೆ ಹಾಕಿಕೊಂಡು ಹೋಗುತ್ತಿದ್ದಳು. ಅವರು ಮುಚ್ಚಳವನ್ನು ಮಾತ್ರ ಕೈಯಲ್ಲಿ ಹಿಡಿದು ಉಳಿಸಿಕೊಳ್ಳುತ್ತಿದ್ದರು. "ನೋಡಿ, ವೆನಿಸ್ ಮಾತ್ರ ಉಳೀತು," ಎಂದು ನಗುತ್ತಿದ್ದರು.

ವೆನಿಸಿನವರು ಮೊದಲೇ ಮಸಲತ್ತು ಮಾಡಿದ್ದರೇ ಎಂದು ನಾನು ಕೇಳಿದ್ದುಂಟು. ಹಾಗೆ ಬರೆದವರೂ ಇದ್ದಾರೆ, ಈಜಿಪ್ಟಿನ ಜೊತೆ ಅವರಿಗೆ ವ್ಯಾಪಾರವಿತ್ತು, ಸೈನ್ಯ ಅತ್ತ ಹೋಗುವುದು ಬೇಕಿರಲಿಲ್ಲ ಎನ್ನುತ್ತಾರೆ, ಆದರೆ ತನಗೆ ನಂಬಿಕೆಯಿಲ್ಲ ಎಂದರು. "ಮಸಲತ್ತು ಇದ್ದಿದ್ರೆ ಸುಲಭ ಇತ್ತು. ಒಬ್ಬ ಕೆಟ್ಟವನನ್ನು ಹಿಡ್ದು ಬೈಬಹುದಿತ್ತು. ಇಲ್ಲಿ ಒಂದೊಂದು ಹೆಜ್ಜೆಗೂ ಒಂದೊಂದು ಕಾರಣ ಉಂಟು, ಎಲ್ಲ ಕಾರಣವೂ ಸರಿಯಾಗೇ ಕಾಣ್ತದೆ. ಅದೇ ತೊಂದ್ರೆ."

ಅವರಿಗೆ ಆ ಕಥೆಯಲ್ಲಿ ನಿಜವಾಗಿ ಬೇಕಾದವರು ಬೇರೆ. ಜಾರಾದಲ್ಲಿ, ಇದು ನಾವು ಹೊರಟ ಕೆಲಸವಲ್ಲ ಎಂದು ಹಡಗು ಇಳಿದು, ಸೈನ್ಯ ಬಿಟ್ಟು ಹೋದ ಒಂದಷ್ಟು ಜನ. ಅವರ ವಿಷಯ ಬಂದಾಗ ದನಿ ಸಣ್ಣದಾಗುತ್ತಿತ್ತು. ಎಷ್ಟು ಜನ ಇಳಿದರು ಎಂದು ನಾನು ಕೇಳಿದೆ. "ಅದರ ಲೆಕ್ಕ ಸರಿಯಾಗಿ ಸಿಕ್ಕುದಿಲ್ಲ. ಚರಿತ್ರೆ ಬರೆದವನು ಹಡಗಿನಲ್ಲೇ ಇದ್ದ ಅಲ್ವಾ? ಇಳಿದವರನ್ನು ಅವನು ಚೆನ್ನಾಗಿ ಬರೆಯುದು ಹೇಗೆ?" ಆಮೇಲೆ ಪೆನ್ಸಿಲನ್ನು ನನ್ನ ಕಡೆ ತೋರಿಸಿ, "ನೀವಾಗಿದ್ರೆ ಜಾರಾದಲ್ಲಿ ಎಂತ ಮಾಡ್ತಿದ್ರಿ?" ಎಂದರು. ಇಳೀತಿದ್ದೆ ಸರ್, ಅದರಲ್ಲೇನಿದೆ ಎಂದೆ. ತಡಮಾಡದೆ ಎಂದೆ. ಅವರು ತಲೆಯಾಡಿಸಿದರು.

ಅವರ ಮನೆಮಾತು ತುಳು. ಆದರೂ ಕನ್ನಡ ಎಂದರೆ ಪ್ರಾಣ. "ತುಳು ನನ್ನ ಬಾಯಿ, ಕನ್ನಡ ನನ್ನ ಕೈ," ಎನ್ನುತ್ತಿದ್ದರು. ಬರೆಯುವುದೆಲ್ಲ ಕನ್ನಡದಲ್ಲಿ. ನಾರ್ವೆಯ ಹಡಗು, ಪನಾಮಾದ ಹಡಗು, ಎಲ್ಲದರ ಹೆಸರನ್ನೂ ತಮ್ಮ ನೋಟುಬುಕ್ಕಿನಲ್ಲಿ ದುಂಡನೆಯ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಹಿಂದಿ ಅಥವಾ ತಮಿಳು ಕಲಿಯುತ್ತಿದ್ದರು. ಕನ್ನಡ ಮನೆಯಲ್ಲಿ ಕಿವಿಗೆ ಬಿದ್ದಷ್ಟೇ. ಅವರಿಗೆ ಒಂದೇ ಆಸೆ: ನಿವೃತ್ತಿಯಾಗಿ ಊರಿಗೆ ಹೋಗುವ ಮೊದಲು ಇಲ್ಲಿ ಭಾನುವಾರದ ಒಂದು ಕನ್ನಡ ತರಗತಿ ನೆಲೆಗೊಳಿಸಿ ಹೋಗಬೇಕು. ಕೊನೆಯ ಅಕ್ಷರದವರೆಗೂ ಕಲಿಸಬೇಕು. ಅದಕ್ಕಿಂತ ಹೆಚ್ಚಿನದನ್ನು ಅವರು ಯಾರಿಂದಲೂ ಕೇಳಿದ್ದನ್ನು ನಾನು ಕಾಣೆ.

ನಾವು ಒಂದಷ್ಟು ಮನೆಯವರು ಸೇರಿ ಕಟ್ಟಿಕೊಂಡಿದ್ದ ಸಣ್ಣ ಬಳಗವಿತ್ತು. ಅಕ್ಷರ ಚೆನ್ನಾಗಿದೆ ಎಂದು ಅದರ ನಡಾವಳಿ ಪುಸ್ತಕ ಬರೆಯುವ ಕೆಲಸ ನನ್ನ ತಲೆಗೆ ಬಂದಿತ್ತು. ತೊಂಬತ್ತೈದರ ದೀಪಾವಳಿ ಊಟದ ದಿನ ತರಗತಿಗೆ ಮಕ್ಕಳನ್ನು ಕಳಿಸುವವರು ಹೆಸರು ಬರೆಯಿರಿ ಎಂದು ಅವರು ಒಂದು ಹಾಳೆ ಸುತ್ತಿಸಿದರು. ಎಲ್ಲರ ಎದುರಿಗೆ, ಕೈಯಲ್ಲಿ ಹೋಳಿಗೆಯ ತಟ್ಟೆ, ಪಕ್ಕದಲ್ಲಿ ಕ್ಯಾಪ್ಟನ್ ಅಂಕಲ್ ಅಷ್ಟು ಆಸೆಯಿಂದ ನಿಂತಿದ್ದಾರೆ. ಇಲ್ಲ ಎಂದು ಬರೆಯುವ ಎದೆ ಯಾರಿಗಿದೆ? ದಾಕ್ಷಿಣ್ಯಕ್ಕೆ ಎಲ್ಲರೂ ಬರೆದರು. ಭಾನುವಾರ ಈಜು ಇರುವವರೂ ಬರೆದರು, ಟ್ಯೂಷನ್ ಇರುವವರೂ ಬರೆದರು. ಮುಂದಿನ ತಿಂಗಳು ಹಾಂಕಾಂಗಿಗೆ ವರ್ಗವಾಗಲಿದ್ದವರೂ ಬರೆದರು. ನಲವತ್ತೆರಡು ಮಕ್ಕಳು. ಹಾಳೆಯನ್ನು ಅವರು ನಾಲ್ಕು ಮಡಿಕೆ ಮಾಡಿ ಪೆನ್ಸಿಲ್ ಇಡುವ ಜೇಬಿಗೆ ಸೇರಿಸಿಕೊಂಡರು. ಮೂರರಲ್ಲೊಂದು ಪಾಲು ಎನ್ನುವ ತಮ್ಮ ಲೆಕ್ಕ ಅವತ್ತು ಅವರಿಗೆ ನೆನಪಾಗಲಿಲ್ಲ. ಸೋಮವಾರವೇ ಹೋಗಿ ಸೆರಂಗೂನ್ ರಸ್ತೆಯ ಹತ್ತಿರ ದೊಡ್ಡದೊಂದು ಹಾಲ್ ತಮ್ಮ ಹೆಸರಿನಲ್ಲೇ ವರ್ಷಕ್ಕೆ ಬಾಡಿಗೆಗೆ ಗೊತ್ತುಮಾಡಿ ಬಂದರು.

ಮೊದಲ ಭಾನುವಾರ ಹದಿಮೂರು ಮಕ್ಕಳು ಬಂದರು. ನಲವತ್ತೆರಡು ಕುರ್ಚಿ. ಅವರು ಖಾಲಿ ಕುರ್ಚಿಗಳನ್ನು ತಾವೇ ಎತ್ತಿ ಗೋಡೆಗೆ ಒರಗಿಸಿ, ಇದ್ದ ಮಕ್ಕಳನ್ನು ಹತ್ತಿರ ಕೂರಿಸಿಕೊಂಡರು. ನಾನು ಸಹಾಯಕ್ಕೆ ಹೋದಾಗ, "ಹಡಗು ಕಟ್ಟಿ ಆಯ್ತು ಮಾರಾಯ್ರೆ," ಎಂದು ಮೆಲ್ಲಗೆ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಹಾಲ್ ಬಾಡಿಗೆ ಅವರ ಸಂಬಳಕ್ಕೆ ಮೀರಿದ್ದು.

ಆಗ ಮುಂದೆ ಬಂದವರು ಅಂಗಡಿ ಅಂಕಲ್. ನಮ್ಮ ಕಡೆಯ ಸಾಮಾನು ಮಾರುವ ಅಂಗಡಿಯ ಯಜಮಾನರು. ಒಳ್ಳೆಯವರು, ಇದನ್ನು ನಾನು ಒತ್ತಿ ಹೇಳಬೇಕು. ನಾವು ಸಿಂಗಪುರಕ್ಕೆ ಬಂದ ಹೊಸತರಲ್ಲಿ ಮನೆ ಸಿಗುವವರೆಗೆ ಮೂರು ವಾರ ಅವರ ಮನೆಯಲ್ಲೇ ಇದ್ದೆವು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಬಾಡಿಗೆ ನಾನು ಕೊಡ್ತೀನಿ ಸರ್, ಕನ್ನಡದ ಕೆಲಸ ಎಂದರು. ಎಲ್ಲರಿಗೂ ನೆಮ್ಮದಿಯಾಯಿತು. ಎರಡು ತಿಂಗಳಾದ ಮೇಲೆ ಅವರ ಎರಡನೆಯ ಅಂಗಡಿಯ ಪ್ರಾರಂಭ. ಮಕ್ಕಳಿಂದ ಒಂದು ಡ್ಯಾನ್ಸ್ ಮಾಡಿಸಿದರೆ ಚೆನ್ನಾಗಿರುತ್ತಿತ್ತಲ್ಲ ಎಂದರು. ಬಾಡಿಗೆ ಕೊಡುವವರು, ಇಲ್ಲ ಎನ್ನುವುದು ಹೇಗೆ? ಎರಡು ಭಾನುವಾರ ಡ್ಯಾನ್ಸಿಗೆ ಹೋಯಿತು. ಆಮೇಲೆ ಅವರ ಸರಬರಾಜುದಾರರ ಪಾರ್ಟಿ, ಮತ್ತೊಂದು ಡ್ಯಾನ್ಸ್. ಮಕ್ಕಳಿಗೂ ಖುಷಿ, ಅಮ್ಮಂದಿರಿಗೂ ಖುಷಿ. ಡ್ಯಾನ್ಸ್ ಇದೆ ಎಂದ ಮೇಲೆ ಹದಿಮೂರು ಮಕ್ಕಳು ಇಪ್ಪತ್ತಾದರು. ಅಕ್ಷರ ಮಾತ್ರ 'ಣ'ದ ಹತ್ತಿರ ನಿಂತುಬಿಟ್ಟಿತು. ಬೋರ್ಡಿನ ಮೇಲೆ ಅವರು ಬರೆದಿದ್ದ 'ಟ ಠ ಡ ಢ ಣ' ವಾರಗಟ್ಟಲೆ ಹಾಗೇ ಇತ್ತು. ಅದರ ಕೆಳಗೆ ಯಾರೋ ಹೆಜ್ಜೆಯ ಲೆಕ್ಕ ಬರೆದಿದ್ದರು.

ತೊಂಬತ್ತಾರರಲ್ಲಿ ಊರಿನಿಂದ ಒಬ್ಬ ಮಂತ್ರಿ ಬರುವ ಸುದ್ದಿ ಬಂತು. ಅಂಗಡಿ ಅಂಕಲ್‌ಗೆ ಬಳಗದ ಅಧ್ಯಕ್ಷರಾಗುವ ಮನಸ್ಸು. ಊರಿನಲ್ಲಿ ಗೋದಾಮು ಕಟ್ಟುವ ಯೋಚನೆಯೂ ಇತ್ತು, ಅದಕ್ಕೆ ಮಂತ್ರಿಯ ಪರಿಚಯ ಬೇಕಿತ್ತು. ಮೂರು ತಿಂಗಳು ಪ್ರತಿ ಭಾನುವಾರ ಮಕ್ಕಳು ಸ್ವಾಗತದ ಡ್ಯಾನ್ಸ್ ಕಲಿಯಬೇಕು, ಪಾಠ ಆಮೇಲೆ ಎಂದು ತೀರ್ಮಾನ ಮಾಡಲು ಅವರ ಕಾಂಡೋ ಫ್ಲಾಟಿನಲ್ಲಿ ಸಭೆ ಸೇರಿತು. ಹಿಂದಿನ ದಿನ ಕ್ಯಾಪ್ಟನ್ ಅಂಕಲ್ ಆಫೀಸಿನಲ್ಲಿ ನನ್ನನ್ನು ಕೇಳಿದ್ದರು. "ನಾನು ಬೇಡ ಅಂತ ಹೇಳುವವ. ನೀವು?" ನಾನೂ ನಿಮ್ಮ ಕಡೆಯೇ ಸರ್ ಎಂದಿದ್ದೆ.

"ಮಿನಿಸ್ಟರ್ ದಿನಾ ಬರ್ತಾರಾ ಸರ್?" ಎಂದು ಸಭೆಯಲ್ಲಿ ಅಂಗಡಿ ಅಂಕಲ್ ನಯವಾಗಿಯೇ ಕೇಳಿದರು. "ಜಸ್ಟ್ ಮೂರು ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳೋಣ. ಅಆಇಈ ಎಲ್ಲಿಗೂ ಓಡಿಹೋಗಲ್ಲ."

ಕ್ಯಾಪ್ಟನ್ ಅಂಕಲ್ ಎದ್ದು ನಿಂತರು. "ಅಕ್ಷರ ಓಡುದಿಲ್ಲ, ಮಕ್ಕಳ ವಯಸ್ಸು ಓಡ್ತದೆ. ನಾವು ಹೊರಟದ್ದು ಮಕ್ಕಳಿಗೆ ಓದ್ಲಿಕ್ಕೆ ಬರ್ಬೇಕು ಅಂತ. ಈಗ ಎಲ್ಲಿಗೆ ಹೋಗ್ತಾ ಇದ್ದೇವೆ ನೋಡಿ. ಹಾಲ್ ದೊಡ್ಡದು ಹಿಡಿದದ್ದು ನಾನು, ಅದು ನನ್ನ ತಪ್ಪು, ಒಪ್ಪಿದೆ. ಆದ್ರೆ ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಇಲ್ಲೇ ಇಳೀತೇನೆ."

ಇಷ್ಟು ಹೇಳಿ ನನ್ನ ಕಡೆ ನೋಡಿದರು. ಒಂದು ಕ್ಷಣ, ಅಷ್ಟೇ. ನನ್ನ ತೊಡೆಯ ಮೇಲೆ ನಡಾವಳಿ ಪುಸ್ತಕ, ಕೈಯಲ್ಲಿ ಪೆನ್. ಎದುರಿಗೆ ಅಂಗಡಿ ಅಂಕಲ್ ಹೆಂಡತಿ, ಮೂರು ವಾರ ನಮಗೆ ಅನ್ನ ಬಡಿಸಿದ ಕೈಯಲ್ಲೇ ಕಾಫಿ ಹಂಚುತ್ತಿದ್ದರು. ನಾನು ತಲೆ ತಗ್ಗಿಸಿ ಏನೋ ಬರೆಯುವವಳ ಹಾಗೆ ಕೂತೆ. ಇಳಿಯುತ್ತೇನೆ ಎಂದದ್ದರ ಅರ್ಥ ಅಲ್ಲಿ ಬೇರೆ ಯಾರಿಗೂ ಆಗಲಿಲ್ಲ. "ಕಾಫಿ ಕುಡ್ಕೊಂಡು ಇಳೀರಿ ಅಂಕಲ್, ಲಿಫ್ಟ್ ಹೇಗೂ ಸ್ಲೋ," ಎಂದರು ಆಂಟಿ. ಕ್ಯಾಪ್ಟನ್ ಅಂಕಲ್ ಕೂತು, ಕಾಫಿ ಪೂರ್ತಿ ಕುಡಿದು, ಲೋಟವನ್ನು ಅಡುಗೆಮನೆಯವರೆಗೂ ಒಯ್ದು ಇಟ್ಟು, ಎಲ್ಲರಿಗೂ ಕೈಮುಗಿದು ಹೋದರು.

ಅವರು ಹೋದ ಮೇಲೆ ಅಂಗಡಿ ಅಂಕಲ್, "ಸರ್ವಾನುಮತ ಅಂತ ಬರ್ದುಬಿಡಮ್ಮ, ಪಾಪ ಅವರಿಗೂ ಕೆಟ್ಟ ಹೆಸರು ಬೇಡ," ಎಂದರು. ನಾನು ಬರೆದೆ. ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂದು ದುಂಡಗೆ ಬರೆದೆ.

ಸೋಮವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ಕ್ಯಾಪ್ಟನ್ ಅಂಕಲ್, ಪುಸ್ತಕ ಕೊಡಿ ನೋಡುವ ಎಂದರು. ನನ್ನ ಚೀಲದಲ್ಲೇ ಇತ್ತು, ಇಲ್ಲ ಎನ್ನಲಾಗಲಿಲ್ಲ. ಓದಿದರು. ಕೈ ತಾನಾಗಿ ಜೇಬಿನ ಪೆನ್ಸಿಲಿಗೆ ಹೋಯಿತು. ಅದನ್ನು ತೆಗೆದು ಆ ಸಾಲಿನ ಹತ್ತಿರ ತಂದವರು, ಹಾಗೇ ಹಿಂದೆ ಜೇಬಿಗಿಟ್ಟರು. "ನಿಮ್ಮ ಅಕ್ಷರ ಚಂದ ಉಂಟು," ಎಂದು ಪುಸ್ತಕ ಮುಚ್ಚಿ ಕೊಟ್ಟರು. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವರು ಎಂದಿನಂತೆ ಮೇಜಿನ ಆ ತುದಿಗೆ ಸರಿದು ಡಬ್ಬಿ ತೆಗೆದರು. ಅವತ್ತಿನಿಂದ ಊಟವಾದ ಮೇಲೆ ಇತಿಹಾಸ ನಡೆಯಲಿಲ್ಲ. ನನಗೆ ಅದೇ ದೊಡ್ಡ ಶಿಕ್ಷೆಯಾಯಿತು, ಅವರು ಶಿಕ್ಷೆ ಎಂದು ಮಾಡಿದ್ದಲ್ಲದಿದ್ದರೂ.

ಅವರು ಸುಮ್ಮನಂತೂ ಕೂರಲಿಲ್ಲ. ತಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯಲ್ಲಿ, ಮುದುಕರು ಚದುರಂಗ ಆಡುವ ಕಲ್ಲಿನ ಮೇಜಿನ ಹತ್ತಿರ, ಪ್ರತಿ ಭಾನುವಾರ ಒಂಬತ್ತು ಗಂಟೆಗೆ ಸ್ಲೇಟು ಇಟ್ಟುಕೊಂಡು ಕೂರುತ್ತಾರೆ ಎಂದು ಯಾರೋ ಹೇಳಿದರು. ಯಾರೂ ಹೋಗುತ್ತಿಲ್ಲವಂತೆ, ಆದರೂ ಕೂರುತ್ತಾರಂತೆ. ಹತ್ತೂವರೆಗೆ ಎದ್ದು ಹೋಗುತ್ತಾರಂತೆ. ಇದನ್ನು ಕೇಳಿಯೂ ನಾನು ಆರು ಭಾನುವಾರ ಮಗಳನ್ನು ಡ್ಯಾನ್ಸಿಗೆ ಕರೆದುಕೊಂಡು ಹೋದೆ. ಏಳನೆಯ ಭಾನುವಾರ ಎಂಆರ್‌ಟಿ ಟ್ರೇನಿನಲ್ಲಿ ಹೋಗುತ್ತಿದ್ದಾಗ ಅವಳು, "ಅಮ್ಮ, 'ಣ' ಆದ್ಮೇಲೆ ಯಾವ್ದು ಲಾ?" ಎಂದಳು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಆಚೆ ಕಡೆಯ ಟ್ರೇನ್ ಹತ್ತಿ, ತೋವಾ ಪಾಯೋಗೆ ಹೋದೆ.

ಅವರು ಕೂತೇ ಇದ್ದರು. ನಮ್ಮನ್ನು ನೋಡಿ ಎದ್ದು ಪಕ್ಕದ ಕಲ್ಲಿನ ಸ್ಟೂಲನ್ನು ಕರವಸ್ತ್ರದಿಂದ ಒರೆಸಿದರು. ನಾನು ಸರ್ ಎಂದು ಶುರುಮಾಡಿದೆ. "ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದ್ದೀರಿ," ಎಂದರು. ಮಗಳ ಕೈಗೆ ಬಳಪ ಕೊಟ್ಟು, "'ಣ' ಆಯ್ತಲ್ಲ. ಇನ್ನು 'ತ'," ಎಂದರು. ಅಷ್ಟೇ. ನಾನು ಕಂಬದ ಹಿಂದೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಮರುದಿನ ಊಟವಾದ ಮೇಲೆ ಮುಚ್ಚಳ ಮತ್ತೆ ವೆನಿಸ್ ಆಯಿತು.

ಹಾಗೆ ಹದಿನಾಲ್ಕು ತಿಂಗಳು ನಡೆಯಿತು. ಕೊನೆಕೊನೆಗೆ ನಾಲ್ಕು ಮಕ್ಕಳಾಗಿದ್ದರು, ಅದರಲ್ಲೊಂದು ಮೇಲಿನ ಮನೆಯ ಮಲಯ ಹುಡುಗಿ, ಸುಮ್ಮನೆ ಸ್ಲೇಟಿನ ಆಸೆಗೆ ಬರುತ್ತಿದ್ದಳು. ಅವಳಿಗೂ ಕಲಿಸಿದರು. ತೊಂಬತ್ತೇಳರಲ್ಲಿ ನಿವೃತ್ತರಾಗಿ ಮಂಗಳೂರಿಗೆ ಮಗಳ ಮನೆಗೆ ಹೊರಟ ದಿನ ನಾವು ಚಾಂಗಿ ಏರ್‌ಪೋರ್ಟಿಗೆ ಹೋಗಿದ್ದೆವು. ನನ್ನ ಮಗಳು ದೊಡ್ಡ ಹಾಳೆಯಲ್ಲಿ 'ಅ'ದಿಂದ 'ಳ'ದವರೆಗೆ ಬರೆದು ತಂದಿದ್ದಳು. ಅವರು ಕನ್ನಡಕ ಹಾಕಿಕೊಂಡು, ಪೆನ್ಸಿಲಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟುತ್ತಾ ಎಣಿಸಿದರು. ಹಿಂದೆ ಕ್ಯೂ ನಿಂತವರನ್ನು ಲೆಕ್ಕಿಸದೆ ಪೂರ್ತಿ ಎಣಿಸಿದರು. ಕನ್ನಡಕ ತೆಗೆದು, "ಪಟ್ಟಿಯಲ್ಲಿದ್ದವರು ಎಲ್ಲ ಬಂದಿದ್ದಾರೆ," ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಹೋದ ಭಾನುವಾರ ಬಳಗದ ಸಂತಾಪ ಸಭೆ. ಅಂಗಡಿ ಅಂಕಲ್ ಈಗ ಮೂರು ವರ್ಷದಿಂದ ಅಧ್ಯಕ್ಷರು. ಕ್ಯಾಪ್ಟನ್ ಅಂಕಲ್ ನಮ್ಮ ಕನ್ನಡ ತರಗತಿಯ ಹಡಗು ನಡೆಸಿದವರು ಎಂದು ಕಣ್ಣೀರು ತುಂಬಿಕೊಂಡೇ ಮಾತಾಡಿದರು. ಆ ಕಣ್ಣೀರು ನಿಜದ್ದೇ. ಎಲ್ಲರೂ ಎರಡು ನಿಮಿಷ ನಿಂತೆವು. ಕೂತ ಮೇಲೆ ಅವರು ನನ್ನ ಕಡೆ ತಿರುಗಿ, "ಸಂತಾಪದ ನಿರ್ಣಯ, ಸರ್ವಾನುಮತದಿಂದ. ಬರ್ಕೊಳಮ್ಮ," ಎಂದರು.

ನಾನು ಪೆನ್ ತೆಗೆಯಲಿಲ್ಲ. ಪುಸ್ತಕದ ಹಿಂದಿನ ಹಾಳೆಗಳನ್ನು ಮಗುಚಿದೆ. "ಅಂಕಲ್, ಅದಕ್ಕೆ ಮುಂಚೆ ಹಳೇದೊಂದು ತಿದ್ದಬೇಕು," ಎಂದು ತೊಂಬತ್ತಾರರ ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದೆ. "ಇದು ಸುಳ್ಳು. ಅವತ್ತು ಅವರು ಒಪ್ಪಲಿಲ್ಲ. ಎದ್ದು ನಿಂತು ಹೇಳಿದ್ರು. ನಾನು ಹೀಗೆ ಬರೆದೆ."

ಆಂಟಿ ಕಾಫಿಯ ತಟ್ಟೆ ಹಿಡಿದು ನಿಂತಲ್ಲೇ ನಿಂತರು.

"ಈಗ ಯಾಕಮ್ಮ ಅದು?" ಎಂದರು ಅಂಗಡಿ ಅಂಕಲ್. "ಹೋದವರು ಹೋದ್ರು."

"ಅವರು ಅವತ್ತೇ ಹೋದ್ರು ಅಂಕಲ್. ನಾವು ಬರ್ಕೊಳ್ಳಲಿಲ್ಲ."

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಕನ್ನಡಕ ಒರೆಸಿಕೊಂಡು, "ಆಯ್ತು, ತಿದ್ದು. ನಾನು ಸೈನ್ ಮಾಡ್ತೀನಿ," ಎಂದರು. ನಾನು ಪೆನ್ ತೆಗೆದು 'ಸರ್ವಾನುಮತದಿಂದ' ಎಂಬುದರ ಮೇಲೆ ಗೆರೆ ಎಳೆದೆ. ಅವರು ಹತ್ತಿರ ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ, ಮೂರು ವಾರ ಮನೆಯಲ್ಲಿಟ್ಟುಕೊಂಡವರ ಅದೇ ಮಮತೆಯಲ್ಲಿ ಹೇಳಿದರು: "ಇಬ್ಬರು ವಿರೋಧ ಅಂತ ಬರಿಯಮ್ಮ. ನಿನಗೂ ಮನಸ್ಸಿರಲಿಲ್ಲ, ನಂಗೆ ಅವತ್ತೇ ಗೊತ್ತಿತ್ತು."

ಬರೆಯಬಹುದಿತ್ತು. ಕೈ ಆ ಕಡೆಗೆ ಹೋಗಿಯೂ ಹೋಯಿತು. ಬಂದವರನ್ನು ಮಾತ್ರ ಎಣಿಸುತ್ತಿದ್ದ ಆ ಮನುಷ್ಯ ಎದುರಿಗೆ ಕೂತು ನೋಡುತ್ತಿದ್ದಾರೆ ಎನಿಸಿತು.

"ಇಲ್ಲ ಅಂಕಲ್, ಒಬ್ಬರೇ," ಎಂದು ಹೇಳಿ, ಗೆರೆಯ ಮೇಲೆ, ನನ್ನ ಚಂದದ ಅಕ್ಷರದಲ್ಲಿ, ಒಬ್ಬರು ಒಪ್ಪದೆ ಇಳಿದು ಹೋದರು ಎಂದು ಬರೆದೆ.